ನಂಬರಿಲ್ಲದವರು

"ಹನ್ನೊಂದು ಸಾವಿರ ಜನದಲ್ಲಿ ಒಬ್ಬರೂ ಇಲ್ವೇನಮ್ಮ? ಇನ್ನೊಂದ್ಸಲ ನೋಡು," ಎಂದರು ದೇವರಾಜ್. ಫೋನನ್ನು ಕಿವಿಯಿಂದ ತೆಗೆದು ಎದೆಗೆ ಒತ್ತಿ ಹಿಡಿದಿದ್ದರು. ಆ ಕಡೆ ಹಾಸನದ ಆಸ್ಪತ್ರೆಯ ಡಾಕ್ಟರು ಕಾಯುತ್ತಿದ್ದರು.

ಮೇಘಶ್ರೀ ಇನ್ನೊಂದು ಸಲ ಹುಡುಕಿದಳು. ಅದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಪರದೆಯ ಮೇಲೆ ಮತ್ತೆ ಅದೇ ಸೊನ್ನೆ.

"ಇಲ್ಲ ಸರ್."

ದೇವರಾಜ್ ಫೋನಿನಲ್ಲಿ ಎರಡು ಮಾತಾಡಿ ಇಟ್ಟರು. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅರಸೀಕೆರೆ, ಬೇಲೂರು ತಾಲ್ಲೂಕುಗಳಲ್ಲಿ ಯಾರಿಗೆ ರಕ್ತ ಬೇಕಾದರೂ ಮೊದಲು ಫೋನು ಬರುವುದು ಅವರಿಗೆ. ಇಪ್ಪತ್ತು ವರ್ಷದಿಂದ ಅವರು ನೋಟುಪುಸ್ತಕಗಳಲ್ಲಿ ಬರೆದಿಟ್ಟ ರಕ್ತದಾನಿಗಳ ಹೆಸರನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಮೇಘಶ್ರೀ ಮತ್ತು ಇಂದ್ರೇಶ್ ಒಪ್ಪಿಕೊಂಡಿದ್ದರು. ಕೊಬ್ಬರಿ ಮಂಡಿಯೊಂದರ ಮಹಡಿಯಲ್ಲಿ ಇಬ್ಬರದೂ ಸೇರಿ ಒಂದು ಸಣ್ಣ ಆಫೀಸು. ಕೆಳಗಿನಿಂದ ಸದಾ ಒಣಕೊಬ್ಬರಿಯ ಎಣ್ಣೆ ವಾಸನೆ ಬರುತ್ತಿತ್ತು.

ಆ ಸೋಮವಾರ ಬೆಳಿಗ್ಗೆಯಿಂದ ಇಬ್ಬರೂ ವಾದ ಮಾಡುತ್ತಿದ್ದರು. ಹೆಸರುಗಳನ್ನೆಲ್ಲ ಟೈಪು ಮಾಡಿಯಾಗಿತ್ತು. ಅವನ್ನು ಯಾವ ರೀತಿಯ ಡೇಟಾಬೇಸಿನಲ್ಲಿ ಕೂಡಿಸಿಡಬೇಕು ಎನ್ನುವುದು ಶುಕ್ರವಾರದೊಳಗೆ ತೀರ್ಮಾನ ಆಗಬೇಕಿತ್ತು. ಆಮೇಲೆ ಬದಲಾಯಿಸುವುದೆಂದರೆ ಕಟ್ಟಿದ ಮನೆಯ ಪಾಯ ಬದಲಾಯಿಸಿದ ಹಾಗೆ.

ಇಂದ್ರೇಶನದು ಕೀ-ವ್ಯಾಲ್ಯೂ ಪಟ್ಟು. "ನಮ್ಮ ಸ್ಟೇಷನ್ನಿನಲ್ಲಿ ಲಗೇಜ್ ರೂಮ್ ಇಲ್ವಾ? ಚೀಟಿ ಕೊಟ್ರೆ ಚೀಲ ಕೊಡ್ತಾರೆ. ಅಷ್ಟೇ. ಫೋನ್ ನಂಬರೇ ಚೀಟಿ. ನಂಬರ್ ಹಾಕಿದ ತಕ್ಷಣ ಮನುಷ್ಯ, ಅವನ ಊರು, ರಕ್ತದ ಗುಂಪು ಎಲ್ಲ ಬರುತ್ತೆ. ಇದಕ್ಕಿಂತ ವೇಗವಾದದ್ದು ಬೇರೆ ಇಲ್ಲ," ಎನ್ನುತ್ತಿದ್ದ.

ಮೇಘಶ್ರೀಗೆ ಗ್ರಾಫ್ ಇರಲಿ ಎಂದಿತ್ತು. ಅದರಲ್ಲಿ ಒಬ್ಬೊಬ್ಬ ಮನುಷ್ಯನೂ ಒಂದು ಚುಕ್ಕೆ. ಚುಕ್ಕೆಯಿಂದ ಚುಕ್ಕೆಗೆ ಗೆರೆಗಳು: ಇವನು ಅವಳ ತಮ್ಮ, ಇವಳು ಅವನ ಸೊಸೆ. "ಲಗೇಜ್ ರೂಮಿನಲ್ಲಿ ಒಂದು ಚೀಲದ ಗೊಡವೆ ಇನ್ನೊಂದಕ್ಕಿರಲ್ಲ. ಇದು ರೈಲ್ವೆ ನಕ್ಷೆ ಇದ್ದ ಹಾಗೆ. ಎಲ್ಲಿಂದ ಎಲ್ಲಿಗೆ ದಾರಿ ಇದೆ ಅನ್ನೋದೇ ಮುಖ್ಯ," ಎಂದಿದ್ದಳು.

"ಯಾರಿಗೆ ಯಾರು ಸಂಬಂಧ ಅನ್ನೋದು ಕಟ್ಕೊಂಡು ನಮಗೇನಾಗ್ಬೇಕು ಮೇಘಾ? ರಕ್ತಕ್ಕೆ ಗುಂಪು ಸಾಕು, ನೆಂಟಸ್ತಿಕೆ ಬೇಕಾಗಿಲ್ಲ," ಎಂದು ಇಂದ್ರೇಶ್ ನಕ್ಕಿದ್ದ. ಅಷ್ಟರಲ್ಲಿ ದೇವರಾಜ್ ಮೆಟ್ಟಿಲು ಹತ್ತಿ ಬಂದಿದ್ದರು.

ವಿಷಯ ಇಷ್ಟು. ಹಳೇಬೀಡಿನ ಪ್ರತಿಮಾ, ಪ್ರೌಢಶಾಲೆಯ ಗಣಿತದ ಮೇಡಂ, ತುಂಬು ಬಸುರಿ. ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿದ್ದರಿಂದ ಗುರುವಾರ ಆಪರೇಷನ್ ಮಾಡಿ ಮಗು ತೆಗೆಯಬೇಕು. ರಕ್ತ ಬಹಳ ಹೋಗುವ ಸಂಭವ. ಅವಳದು ಓ ಗುಂಪು ಎಂದು ಶಾಲೆಯ ದಿನಗಳಿಂದ ಎಲ್ಲ ಕಾಗದಗಳಲ್ಲಿ ಬರೆದಿತ್ತು. ಆದರೆ ಬ್ಲಡ್ ಬ್ಯಾಂಕಿನಲ್ಲಿ ಎಷ್ಟು ಚೀಲ ಓ ರಕ್ತ ತಂದು ಹೊಂದಿಸಿ ನೋಡಿದರೂ ಒಂದೂ ಹೊಂದಲಿಲ್ಲ. ಕೊನೆಗೆ ತಿಳಿಯಿತು, ಅವಳದು ಬಾಂಬೆ ಬ್ಲಡ್ ಗ್ರೂಪ್.

"ನನ್ನ ಸರ್ವಿಸಿನಲ್ಲಿ ಎರಡೇ ಸಲ ನೋಡಿದೀನಿ," ಎಂದರು ದೇವರಾಜ್. "ಬೆರಳು ಚುಚ್ಚಿ ಮೇಲ್ಮೇಲೆ ನೋಡಿದ್ರೆ ಓ ಅಂತಲೇ ಕಾಣುತ್ತೆ. ಆದ್ರೆ ಓ ರಕ್ತದಲ್ಲೂ ಇರೋ ಒಂದು ಅಂಶ ಇದರಲ್ಲಿ ಇರಲ್ಲ. ಓ ಕೊಟ್ರೆ ಮೈ ಅದನ್ನ ವಿಷ ಅಂದ್ಕೊಳ್ಳುತ್ತೆ. ಅದೇ ಗುಂಪಿನೋರೇ ಕೊಡಬೇಕು. ದೂರದೂರಿಂದ ಒಂದು ಚೀಲ ಬರುತ್ತಂತೆ. ಕಡೇಪಕ್ಷ ಇನ್ನೊಂದು ಬೇಕು."

"ಅಕ್ಕತಂಗೀರು, ಅಣ್ಣತಮ್ಮಂದಿರು?"

"ಒಬ್ಬಳೇ ಮಗಳು. ತಾಯಿದು ಹೊಂದಲ್ಲ. ತಂದೆ ಇಲ್ಲ." ಅವರು ಕುರ್ಚಿಗೆ ಒರಗಿದರು. "ಇದು ವಂಶದಲ್ಲಿ ಹರಿದು ಬರೋ ರಕ್ತ ಕಣಮ್ಮ. ನಮ್ಮ ಪಟ್ಟಿಯಲ್ಲೇ ಓ ಅಂತ ಬರೆಸಿಕೊಂಡು ಇಂಥೋರು ಯಾರೋ ಕೂತಿರಬಹುದು. ಓ ಗುಂಪಿನೋರು ಎಷ್ಟು ಜನ ಇದ್ದಾರೆ?"

"ನಾಲ್ಕು ಸಾವಿರದ ಇನ್ನೂರು."

"ಅಷ್ಟು ಜನರನ್ನ ಮೂರು ದಿನದಲ್ಲಿ ಟೆಸ್ಟ್ ಮಾಡಕ್ಕಾಗಲ್ಲ. ಅದರಲ್ಲಿ ಪ್ರತಿಮಾಗೆ ರಕ್ತಸಂಬಂಧ ಯಾರು ಅಂತ ಹೇಳುತ್ತಾ ನಿನ್ನ ಕಂಪ್ಯೂಟರು?"

ಮೇಘಶ್ರೀ ಇಂದ್ರೇಶನ ಮುಖ ನೋಡಿದಳು. ಇಂದ್ರೇಶ್ ಪರದೆ ನೋಡಿದ.

ಮಧ್ಯಾಹ್ನದ ಹೊತ್ತಿಗೆ ಮೇಘಶ್ರೀಯ ಸ್ಕೂಟರಿನ ಹಿಂದೆ ದೇವರಾಜ್ ಕೂತು ಇಬ್ಬರೂ ಹಳೇಬೀಡಿಗೆ ಬಂದರು. ಪ್ರತಿಮಾಳ ಗಂಡ ಮಹಾಂತೇಶ್ ಆಸ್ಪತ್ರೆಯಲ್ಲೇ ಇದ್ದ. ಕೆರೆಯ ಕಡೆಯ ಬೀದಿಯ ಮನೆಯಲ್ಲಿ ತಾಯಿ ಶಿವಗಂಗಮ್ಮ ಒಬ್ಬರೇ ಬಾಣಂತಿಗೆಂದು ಹಳೇ ಸೀರೆಗಳನ್ನು ಒಗೆದು ಮಡಿಸುತ್ತಿದ್ದರು. ಬಂದವರಿಗೆ ನೀರು ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಗಂಡ ಹಾಲಪ್ಪ ತೀರಿಕೊಂಡು ಐದು ವರ್ಷ. ಹಾಲಪ್ಪನ ದಾಯಾದಿಗಳು ಒಂದಿಬ್ಬರು ಊರಲ್ಲೇ ಇದ್ದಾರೆ, ಅವರ ಗುಂಪು ಬೇರೆ, ಆಗಲೇ ನೋಡಿಯಾಗಿದೆ.

"ನಿಮ್ಮ ತವರಿನ ಕಡೆ?" ಎಂದಳು ಮೇಘಶ್ರೀ.

ಶಿವಗಂಗಮ್ಮನ ಕೈ ಸೀರೆಯ ಮಡಿಕೆಯ ಮೇಲೆ ನಿಂತಿತು. "ಆ ಕಡೆ ಯಾರೂ ಇಲ್ಲ ಕಣಮ್ಮ."

ಆ ಮಾತಿನ ಮುಂದೆ ಇನ್ನೊಂದು ಪ್ರಶ್ನೆಗೆ ಜಾಗ ಇರಲಿಲ್ಲ. ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತು ದೇವರಾಜ್ ಸ್ವಲ್ಪ ಹೊತ್ತು ಯೋಚಿಸಿದರು. "ಹುಲಿಕೆರೆಗೆ ಹೋಗಿ ಬರೋಣ. ನಮ್ಮ ದೊಡ್ಡವ್ವ ಇದಾಳೆ ಅಲ್ಲಿ. ಸಣ್ಣತಾಯಮ್ಮ ಅಂತ. ಹಿಂದೆ ಈ ಸುತ್ತಿಗೆಲ್ಲ ಸೂಲಗಿತ್ತಿ. ಎಲ್ಲರ ಮನೆಯ ಹಿತ್ತಿಲ ಬಾಗಿಲಲ್ಲಿ ಹೋಗಿ ಬಂದೋಳು. ಮುಂಬಾಗಿಲಲ್ಲಿ ಹೇಳದೇ ಇದ್ದದ್ದು ಅವಳಿಗೆ ಗೊತ್ತಿರುತ್ತೆ."

ಪ್ರವಾಸಿಗರು ನೋಡಲು ಬರುವ ಹುಲಿಕೆರೆಯ ಹಳೆಯ ಕಲ್ಲಿನ ಕೊಳ ದಾಟಿ ಮಣ್ಣುರಸ್ತೆಗೆ ತಿರುಗಿದರೆ ಮೂರನೆಯದೇ ಅವಳ ಮನೆ. ಎಂಬತ್ನಾಲ್ಕು ವರ್ಷದ ಮುದುಕಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಒಂದು ಕಣ್ಣಿಗೆ ಪೊರೆ ಬಂದಿತ್ತು. ದೇವರಾಜ್ ವಿಷಯ ಹೇಳಿ ಮುಗಿಸಿದರೂ ಅವಳ ಬೆರಳು ನಿಲ್ಲಲಿಲ್ಲ.

"ಈ ಮಗಾ ಯಾರು?"

"ಅರಸೀಕೆರೆಯೋಳು. ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕೋಳು."

"ನಿಮ್ಮವ್ವನ ತವರು ಯಾವುದವ್ವ?" ಎಂದಳು ಸಣ್ಣತಾಯಮ್ಮ ಮೇಘಶ್ರೀಯ ಕಡೆ ತಿರುಗಿ.

"ಇಲ್ಲೇ, ಹಳೇಬೀಡಿನ ಹತ್ರ ಒಂದು ಹಳ್ಳಿ ಅಜ್ಜಿ. ತಾತನ ಮನೆಯನ್ನ ಗಾಣದೋರ ಮನೆ ಅಂತಿದ್ರಂತೆ."

"ಗಾಣದೋರ ಮನೆ ನಾಗಮ್ಮನ ಮೊಮ್ಮಗಳಾ ನೀನು? ನಿಮ್ಮವ್ವ ಕಾಲು ಮುಂದಾಗಿ ಬಂದೋಳು ಕಣವ್ವ. ಕೆರೆ ಕೋಡಿ ಬಿದ್ದ ವರ್ಷ. ಎರಡು ದಿನ ನೋವು ತಿಂದ್ಲು ನಾಗಮ್ಮ. ನಿಮ್ಮವ್ವನ ಎಡಗಾಲು ಒಸಿ ಒಳಕ್ಕೆ ತಿರುಗೈತಲ್ವಾ? ಅದು ನಾನು ಹಿಡಿದು ಎಳೆದಿದ್ದು."

ಅಮ್ಮನ ಎಡಗಾಲು ತಿರುಚಿರುವುದನ್ನು ಮೇಘಶ್ರೀ ಹುಟ್ಟಿದಾಗಿನಿಂದ ನೋಡಿದ್ದಳು. ಅದು ಯಾಕೆ ಹಾಗೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅದಕ್ಕೆ ಕಾರಣವಾದ ಎರಡು ಕೈಗಳು ಅವಳೆದುರಿಗೇ ಹುಣಸೆಹಣ್ಣು ಬಿಡಿಸುತ್ತಿದ್ದವು.

"ಹಾಲಪ್ಪನ ಮಗಳಿಗಾ ರಕ್ತ ಬೇಕಾಗಿರಾದು," ಎಂದು ಸಣ್ಣತಾಯಮ್ಮ ಶುರುಮಾಡಿದಳು. "ಹಾಲಪ್ಪನ ಅವ್ವ ದೊಡ್ಡಗೌರಮ್ಮ. ಜಾವಗಲ್ಲಿಂದ ತಂದಿದ್ದು, ಸ್ವಂತ ಸೋದರಮಾವನಿಗೆ. ಅವಳಿಗೆ ಏಳು ಹೆರಿಗೆ, ಉಳಿದಿದ್ದು ಎರಡು. ಹಾಲಪ್ಪ, ಆಮ್ಯಾಕೆ ರುದ್ರಾಣಿ. ಗೌರಮ್ಮನ ತಮ್ಮ ಒಬ್ಬ ಕಣಕಟ್ಟೆಗೆ ಮನೆಅಳಿಯನಾಗಿ ಹೋಗಿದ್ದ. ಆ ತಮ್ಮನ ಮಕ್ಕಳೇ ನಂಜಪ್ಪ, ಶಿವಗಂಗಮ್ಮ..."

ಮೇಘಶ್ರೀ ಚೀಲದಿಂದ ಒಂದು ಹಾಳೆ ತೆಗೆದು ಬರೆಯತೊಡಗಿದಳು. ಒಂದು ಹೆಸರು, ಅದರ ಸುತ್ತ ಒಂದು ಸೊನ್ನೆ, ಅಲ್ಲಿಂದ ಗೆರೆ. ಹಾಳೆ ತುಂಬಿತು. ಇನ್ನೊಂದು ತೆಗೆದಳು. ಮುದುಕಿ ಎಲ್ಲಿಯೂ ತಡವರಿಸಲಿಲ್ಲ. ಇಸವಿ ಅವಳಿಗೆ ಗೊತ್ತಿರಲಿಲ್ಲ. ಬೇಡವೂ ಆಗಿತ್ತು. ಮಿಡತೆ ಬಂದ ವರ್ಷ, ತೆಂಗಿಗೆ ನುಸಿ ಬಿದ್ದ ವರ್ಷ, ರಾಗಿ ಕಣದಲ್ಲೇ ಮೊಳೆತ ವರ್ಷ. ಹುಟ್ಟಿದವರು, ಹುಟ್ಟಿ ಹೋದವರು, ಕೊಟ್ಟವರು, ತಂದವರು. ನಾಲ್ಕು ತಲೆಮಾರು, ಒಂಬತ್ತು ಊರು. ಮೇಘಶ್ರೀ ಮೂರನೆಯ ಹಾಳೆ ತೆಗೆದಳು. ಕಾಲೇಜಿನಲ್ಲಿ, ಆಮೇಲೆ ಕೆಲಸದಲ್ಲಿ, ಎಷ್ಟೋ ನಕ್ಷೆಗಳನ್ನು ಅವಳು ಬರೆದಿದ್ದಳು. ಉಸಿರಾಡುವ ಒಂದು ತಲೆಯೊಳಗೆ ಅದು ಹೀಗೆ ಇಡಿಯಾಗಿ, ಒಂದು ಗೆರೆಯೂ ತುಂಡಾಗದೆ ಕೂತಿರಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಕೊಳದ ಕಲ್ಲುಮೆಟ್ಟಿಲುಗಳನ್ನು ಕೆತ್ತಿದವರ ಬಗ್ಗೆ ಬೆರಗಾಗುವ ಜನ ಈ ರಸ್ತೆಗೆ ಒಮ್ಮೆಯೂ ತಿರುಗಿರಲಾರರು.

"ಒಂದು ನಿಮಿಷ ಅಜ್ಜಿ. ನಂಜಪ್ಪ, ಶಿವಗಂಗಮ್ಮ ಅಣ್ಣ ತಂಗೀನಾ? ಶಿವಗಂಗಮ್ಮ ತವರಲ್ಲಿ ಯಾರೂ ಇಲ್ಲ ಅಂದ್ರು."

ಸಣ್ಣತಾಯಮ್ಮನ ಬೆರಳು ಈಗ ನಿಂತವು.

"ಯಾರೂ ಇಲ್ಲ ಅಂದ್ಲಾ?" ಮುದುಕಿ ಮಗ್ಗುಲಲ್ಲಿದ್ದ ದೇವರಾಜರ ಕಡೆ ನೋಡಿದಳು. "ಮೂವತ್ತೊಂದು ವರ್ಷ ಆತು ಕಣ್ಲಾ. ಅವರದು ಕೊಟ್ಟು ತಂದ ಸಂಬಂಧ. ಹಾಲಪ್ಪನಿಗೆ ಶಿವಗಂಗಮ್ಮ, ನಂಜಪ್ಪನಿಗೆ ರುದ್ರಾಣಿ. ಒಂದೇ ಚಪ್ಪರದಲ್ಲಿ ಎರಡು ಮದುವೆ. ರುದ್ರಾಣಿ ಚೊಚ್ಚಲ ಬಾಣಂತನಕ್ಕೆ ಹಳೇಬೀಡಿಗೆ ಬಂದ್ಲು. ನನ್ನ ಕರೆಸಿದ್ರು. ಮಗಾ ಬಂತು, ಗಂಡು. ರಕ್ತ ನಿಲ್ಲಲಿಲ್ಲ. ನಾನು ಆಸ್ಪತ್ರೆಗೆ ಹೊತ್ಕಂಡೋಗಿ ಅಂದೆ. ಹಾಲಪ್ಪನೂ ಹಂಗೇ ಅಂದ. ನಂಜಪ್ಪ, ಪಾಪ ಚಿಕ್ಕ ವಯಸ್ಸು, ಹೆದರಿದ್ದ. ಒಸಿ ನೋಡಾನ, ನಿಂತೋಯ್ತದೆ ಅಂದ. ಮಧ್ಯಾನ ಆತು. ಆಮ್ಯಾಕೆ ಜೀಪು ತಂದ್ರು. ನಾನೂ ಹೋಗಿದ್ದೆ."

ಅವಳು ಬಿಡಿಸಿದ ಹುಣಸೆಬೀಜಗಳನ್ನು ಪಕ್ಕಕ್ಕೆ ಸರಿಸಿದಳು.

"ರಕ್ತದ ಬಾಟಲಿ ಏರಿಸಿದ್ರು. ಇನ್ನೇನು ಬದುಕಿದ್ಲು ಅಂದ್ಕಂಡೆ. ಬಾಟಲಿ ಕಾಲುಭಾಗ ಇಳಿದಿರನಿಲ್ಲ, ಮೈ ಗಡಗಡ ನಡುಗಾಕೆ ಹತ್ತಿತು. ಸೊಂಟ ಹಿಡಕಂಡು ಕಿರುಚಿದ್ಲು. ಚಳಿ, ಜ್ವರ. ಸಂಜೆ ಒಳಗೆ ಹೋದ್ಲು. ಹಾಲಪ್ಪ ಅಲ್ಲೇ ಆಸ್ಪತ್ರೆ ಬಾಗಿಲಲ್ಲಿ, ಅರ್ಧ ದಿನ ತಡಾ ಮಾಡಿ ನನ್ನ ತಂಗೀನ ಕೊಂದೆ ಅಂದ. ನಂಜಪ್ಪ ಮಗೀನ ಟವೆಲಲ್ಲಿ ಸುತ್ಕಂಡು ಕಣಕಟ್ಟೆಗೆ ಹೋದೋನು ತಿರುಗಿ ಬರನಿಲ್ಲ. ನಾನೂ ಅವತ್ತಿಂದ ಹೆರಿಗೆ ಕೆಲಸಕ್ಕೆ ಕೈ ಹಾಕನಿಲ್ಲ."

ದೇವರಾಜ್ ಜಗಲಿಯಿಂದ ಎದ್ದು ನಿಂತಿದ್ದರು. "ಅವಳಿಗೆ ಕೊಟ್ಟಿದ್ದು ಯಾವ ಗುಂಪು, ದೊಡ್ಡವ್ವ?"

"ನಂಗೇನು ಗೊತ್ತಲಾ ಗುಂಪು? ಓ ಅಂದ್ರು. ಎಲ್ಲಾರಿಗೂ ಆಯ್ತದೆ ಅಂದ್ರು."

ಮೇಘಶ್ರೀ ಹಾಳೆಯನ್ನು ನೋಡಿದಳು. ರುದ್ರಾಣಿಯ ಹೆಸರಿನ ಸುತ್ತ ಅವಳೇ ಎಳೆದ ಸೊನ್ನೆ. ಅಲ್ಲಿಂದ ಒಂದು ಗೆರೆ ಹಾಲಪ್ಪನ ಮೂಲಕ ಪ್ರತಿಮಾಗೆ, ಇನ್ನೊಂದು ನೇರ ಕೆಳಗೆ, ಟವೆಲಿನಲ್ಲಿ ಸುತ್ತಿಕೊಂಡು ಹೋದ ಆ ಮಗುವಿಗೆ. ಆ ಮಗುವಿನಿಂದ ನಂಜಪ್ಪ, ನಂಜಪ್ಪನಿಂದ ಶಿವಗಂಗಮ್ಮ, ಅಲ್ಲಿಂದ ಮತ್ತೆ ಪ್ರತಿಮಾ. ಎರಡು ದಾರಿಯಲ್ಲಿ ಹೋದರೂ ಒಂದೇ ಕಡೆಗೆ ಬಂದು ಸೇರುತ್ತಿತ್ತು.

"ಆ ಮಗು ಹೆಸರೇನು ಅಜ್ಜಿ?"

"ಇಂದುಧರ ಅಂತ ಇಟ್ರಂತೆ. ನಾನು ನೋಡನಿಲ್ಲ."

ಅವಳು ಇಂದ್ರೇಶನಿಗೆ ಫೋನು ಮಾಡಿದಳು. ಹೆಸರು ಇಂದುಧರ, ತಂದೆ ನಂಜಪ್ಪ, ಊರು ಕಣಕಟ್ಟೆ. ಅವನು ತಡಮಾಡಲಿಲ್ಲ. "ಇದಾನೆ. ಓ ಪಾಸಿಟಿವ್. ಒಂಬತ್ತು ವರ್ಷದ ಹಿಂದೆ ಶಿಬಿರದಲ್ಲಿ ಹೆಸರು ಬರೆಸಿದಾನೆ. ಒಂದು ಸಲಾನೂ ಕರೆದಿಲ್ಲ. ನಂಬರ್ ಬರ್ಕೋ."

ಹೊರಡುವಾಗ ಸಣ್ಣತಾಯಮ್ಮ ಮೇಘಶ್ರೀಯ ಕೈ ಹಿಡಿದು ನಿಲ್ಲಿಸಿಕೊಂಡಳು. ಹುಣಸೆಯ ಜಿಗುಟು ಅವಳ ಕೈಗೂ ಅಂಟಿತು. "ಇವತ್ತು ಜೀವ ಉಳಿಸಾಕೆ ಹೇಳಿದೀನಿ ಕಣವ್ವ. ಹಂಗಂತ ನಂತಾವ ಇರಾದೆಲ್ಲ ಕೇಳಾಕೆ ಬರಬ್ಯಾಡ. ಯಾವ ಮಗ ಯಾರದು ಅಂತ ನಂಗೊತ್ತಿರಾದು ಒಂದೊಂದು ಆ ಮಕ್ಕಳಿಗೇ ಗೊತ್ತಿಲ್ಲ. ಅದು ನಿನ್ನ ಕಂಪ್ಯೂಟರಿಗೆ ಅಲ್ಲ. ಅದನ್ನ ನಾನು ಹೊತ್ಕಂಡು ಹೋಯ್ತೀನಿ."

"ಕೇಳಲ್ಲ ಅಜ್ಜಿ," ಎಂದಳು ಮೇಘಶ್ರೀ.

ಹಳೇಬೀಡಿಗೆ ಮರಳಿ, ದೇವರಾಜ್ ಶಿವಗಂಗಮ್ಮನ ಮುಂದೆ ಕೂತು ನಿಧಾನವಾಗಿ ಎಲ್ಲ ಹೇಳಿದರು. ರುದ್ರಾಣಿಗೆ ಆದದ್ದು ಏನಿರಬಹುದು ಎಂಬುದನ್ನೂ ಹೇಳಿದರು. ಆ ತಾಯಿ ಅಳಲಿಲ್ಲ. ಮಡಿಸಿದ ಸೀರೆಗಳನ್ನು ಒಂದರ ಮೇಲೊಂದು ಸರಿಮಾಡಿ ಇಟ್ಟರು. "ಅವರಿದ್ದಾಗ ನಮ್ಮಣ್ಣನ ಹೆಸರು ಈ ಮನೆಯಲ್ಲಿ ಎತ್ತೋ ಹಾಗಿರಲಿಲ್ಲ," ಎಂದರು. "ಅವರು ಹೋದ ಮೇಲೆ ನನಗೇ ಬಾಯಿ ಬರಲಿಲ್ಲ. ಫೋನ್ ಮಾಡಬೇಡಿ. ಬೆಳಿಗ್ಗೆ ಮೊದಲನೇ ಬಸ್ಸಿಗೆ ನಾನೇ ಬತ್ತೀನಿ."

ಮಂಗಳವಾರ ಬೆಳಿಗ್ಗೆ ಅರಸೀಕೆರೆ ಬಸ್ ನಿಲ್ದಾಣದಲ್ಲಿ ಮೇಘಶ್ರೀ ಅವರನ್ನು ಕೂಡಿಕೊಂಡಳು. ಕಣಕಟ್ಟೆಯ ತೋಟದ ಮನೆಯ ಮುಂದೆ ಬಿಳಿ ಗಡ್ಡದ, ಗಟ್ಟಿ ಮೈಯ ಒಬ್ಬರು ನೆಲಕ್ಕೆ ನೆಟ್ಟ ಸಲಾಕೆಗೆ ತೆಂಗಿನಕಾಯಿ ಕುಕ್ಕಿ ಸಿಪ್ಪೆ ಸುಲಿಯುತ್ತಿದ್ದರು. ಶಿವಗಂಗಮ್ಮ ತಂತಿಬೇಲಿಯ ಹತ್ತಿರ ನಿಂತರು.

"ಅಣ್ಣಾ."

ನಂಜಪ್ಪ ತಲೆ ಎತ್ತಿದರು. ನೋಡಿದರು. ಮತ್ತೆ ಬಗ್ಗಿ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು. ಇನ್ನೊಂದು ಕಾಯಿ ತೆಗೆದುಕೊಂಡು ಅದನ್ನೂ ಸುಲಿದರು. ಆಮೇಲೆ ಕೇಳಿದರು: "ಯಾರು ಹೋದ್ರು?"

"ಯಾರೂ ಹೋಗಿಲ್ಲ. ಹೋಗಬಾರದು ಅಂತ ಬಂದಿದೀನಿ."

"ಹಾಲಪ್ಪ ಹೋದಾಗ ಹೇಳಿ ಕಳಿಸ್ಲಿಲ್ಲ ನೀನು."

"ಹೇಳಿದ್ರೆ ಬತ್ತಿದ್ದಾ?"

ನಂಜಪ್ಪ ಸಲಾಕೆಯನ್ನು ನೋಡುತ್ತ ನಿಂತರು. "ಬತ್ತಿದ್ದೆ," ಎಂದರು.

ಬೇಲಿಯ ಒಳಗೆ ಬರಲು ಶಿವಗಂಗಮ್ಮನಿಗೆ ಯಾರೂ ಹೇಳಲಿಲ್ಲ. ಅವರೇ ತಂತಿ ಸರಿಸಿಕೊಂಡು ಬಂದರು. ಮಗಳ ವಿಷಯ ಹೇಳಿದರು. ರುದ್ರಾಣಿಯ ವಿಷಯ ಹೇಳಲು ಅವರಿಂದ ಆಗಲಿಲ್ಲ. ಬಾಯಿ ತೆರೆದು, ಮುಚ್ಚಿ, ಮೇಘಶ್ರೀಯ ಕಡೆ ನೋಡಿದರು. ಮೇಘಶ್ರೀಯೂ ಅದನ್ನು ಹೇಳಲಿಲ್ಲ. ಊಹೆಯನ್ನು ನಿಜ ಎಂದು ಹೇಳುವ ಹಕ್ಕು ತನಗಿಲ್ಲ, ಪರೀಕ್ಷೆ ಆಗಲಿ ಎಂದುಕೊಂಡಳು.

ಇಂದುಧರನಿಗೆ ಬಸ್ ನಿಲ್ದಾಣದ ಪಕ್ಕ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ. ವಾರ್ನಿಷ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸುತ್ತ ಮಾತು ಕೇಳಿಸಿಕೊಂಡ. ಕಂಡೇ ಇರದ ಅತ್ತೆಯನ್ನು ಒಮ್ಮೆ ನೋಡಿದ, ಅಂಗಡಿಯ ಹೊರಗೆ ನಿಂತಿದ್ದ ಅಪ್ಪನನ್ನು ಒಮ್ಮೆ ನೋಡಿದ.

"ನಮ್ಮಮ್ಮ ರಕ್ತ ಹೋಗಿ ತೀರ್ಕೊಂಡ್ಲು ಅಂತ ಅಪ್ಪ ಹೇಳಿದ್ರು. ಅದಕ್ಕೇ ನಾನು ಶಿಬಿರದಲ್ಲಿ ಹೆಸರು ಬರೆಸಿದ್ದು," ಎಂದ. "ಓ ಗುಂಪಿನೋರು ಬೇಕಾದಷ್ಟು ಜನ ಇದಾರೆ ಅಂತ ಒಬ್ಬರೂ ಕರೀಲಿಲ್ಲ. ಈಗ ಯಾವಾಗ ಹೊರಡಬೇಕು?"

ಹಾಸನದಲ್ಲಿ ಪರೀಕ್ಷೆ ಮಧ್ಯಾಹ್ನವೇ ಆಯಿತು. ಬ್ಲಡ್ ಬ್ಯಾಂಕಿನ ಡಾಕ್ಟರು ಹೇಮಾಶ್ರೀ ಎನ್ನುವ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂರು ಗಾಜಿನ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಮೊದಲಿನಿಂದ ಎಲ್ಲವನ್ನೂ ಮಾಡಿ, ಮತ್ತೆ ಬೆಳಕಿಗೆ ಹಿಡಿದರು. ದೇವರಾಜ್ ಗಾಜಿನ ಕಿಟಕಿಗೆ ಹಣೆ ತಾಗಿಸಿ ನಿಂತಿದ್ದರು. ನಳಿಗೆಯ ತಳದಲ್ಲಿ ಏನಾಗಿದೆ ಎಂಬುದು ಮೇಘಶ್ರೀಗೆ ತಿಳಿಯಲಿಲ್ಲ. ಆದರೆ ದೇವರಾಜರ ಹೆಗಲು ಕುಸಿದು, ಅವರು ಎರಡೂ ಕೈ ಜೋಡಿಸಿದ್ದು ಕಂಡಿತು.

"ಇವರದೂ ಬಾಂಬೆ," ಎಂದರು ಹೇಮಾಶ್ರೀ ಹೊರಗೆ ಬಂದು. "ಹತ್ತು ಸಾವಿರಕ್ಕೆ ಒಬ್ಬರು ಸಿಗೋದು ಕಷ್ಟ. ಹೇಗೆ ಹುಡುಕಿದ್ರಿ?"

ದೇವರಾಜ್ ಡಾಕ್ಟರನ್ನು ಪಕ್ಕಕ್ಕೆ ಕರೆದು ಹಳೆಯ ವಿಷಯ ಹೇಳಿದರು. ಅವರು ಬಹಳ ಹೊತ್ತು ಕೇಳಿಸಿಕೊಂಡರು. ಬೆಂಚಿನ ಮೇಲೆ ಕೂತಿದ್ದ ನಂಜಪ್ಪನವರ ಹತ್ತಿರ ಬಂದು, ಎದುರಿಗೆ ಒಂದು ಸ್ಟೂಲು ಎಳೆದುಕೊಂಡು ಕೂತರು.

"ಯಜಮಾನ್ರೇ, ನಿಮ್ಮ ಮನೆಯವರ ರಕ್ತ ಈಗ ನೋಡೋಕಾಗಲ್ಲ. ಖಂಡಿತ ಅಂತ ನಾನು ಹೇಳಲ್ಲ. ಆದ್ರೆ ನಿಮ್ಮ ಮಗನ್ನ, ಅವರ ಅಣ್ಣನ ಮಗಳನ್ನ ನೋಡಿದ್ರೆ, ಅವರದೂ ಇದೇ ರಕ್ತ ಇದ್ದಿರಬಹುದು. ಆಗ ಬೇರೆ ಯಾವ ರಕ್ತ ಏರಿಸಿದ್ರೂ ಆಗ್ತಿದ್ದದ್ದು ಅದೇ. ಬೆಳಿಗ್ಗೆ ಬಂದಿದ್ರೂ, ಸಂಜೆ ಬಂದಿದ್ರೂ ಅದೇ ಬಾಟಲಿ ಏರಿಸ್ತಿದ್ರು."

ಕಾರಿಡಾರಿನಲ್ಲಿ ಜನ ಓಡಾಡುತ್ತಿದ್ದರು. ಯಾರದೋ ಸ್ಟ್ರೆಚರು ಬಂದು ಹೋಯಿತು. ಆಮೇಲೆ ನಂಜಪ್ಪ ತಂಗಿಯನ್ನೂ ನೋಡದೆ, ಡಾಕ್ಟರನ್ನೂ ನೋಡದೆ, ತಮ್ಮ ಅಂಗೈಗಳನ್ನು ನೋಡುತ್ತ ಕೇಳಿದರು:

"ಹಂಗಾರೆ ನಾನು ತಡಾ ಮಾಡಿದ್ದಕ್ಕಲ್ವಾ?"

"ಅದಕ್ಕಲ್ಲ ಅಂತಲೇ ನನಗೆ ಅನ್ನಿಸುತ್ತೆ," ಎಂದರು ಹೇಮಾಶ್ರೀ.

ಶಿವಗಂಗಮ್ಮ ಅಣ್ಣನ ಪಕ್ಕ ಬಂದು ಕೂತರು. ಆ ಬೆಂಚಿನ ಮೇಲೆ ಅವರಿಬ್ಬರೂ ಸಂಜೆಯವರೆಗೂ ಕೂತಿದ್ದರು. ಏನು ಮಾತಾಡಿದರೋ, ಮಾತಾಡಿದರೋ ಇಲ್ಲವೋ, ಮೇಘಶ್ರೀಗೆ ಗೊತ್ತಾಗಲಿಲ್ಲ.

ಬುಧವಾರ ಇಂದುಧರ ರಕ್ತ ಕೊಟ್ಟ. ಗುರುವಾರದ ಆಪರೇಷನ್ ಎರಡು ಗಂಟೆ ನಡೆಯಿತು. ಎರಡೂ ಚೀಲ ಖರ್ಚಾದವು. ಮೊದಲನೆಯದು ಮುಗಿದ ಮೇಲೂ ರಕ್ತ ಹೋಗುತ್ತಲೇ ಇತ್ತು, ಎರಡನೆಯದು ಅರ್ಧ ಇಳಿಯುವ ಹೊತ್ತಿಗೆ ನಿಂತಿತು ಎಂದು ಮಹಾಂತೇಶ್ ಆಮೇಲೆ ಹೇಳಿದ. ಹೆಣ್ಣು ಮಗು, ಎರಡೂವರೆ ಕೇಜಿ. ದೇವರಾಜ್ ಅಂದೇ ಹುಲಿಕೆರೆಗೆ ಹೋಗಿ ದೊಡ್ಡವ್ವನಿಗೆ ಎಲ್ಲ ಹೇಳಿ ಬಂದರು. "ಏನಂದ್ಲು?" ಎಂದು ಮೇಘಶ್ರೀ ಕೇಳಿದ್ದಕ್ಕೆ, "ಒಳಗೆ ಹೋಗಿ ಮಲಗಿಕೊಂಡ್ಲು. ಆಮೇಲೆ ಎದ್ದು ಬಂದು, ಮಗಿನ ನೆತ್ತಿಗೆ ಎಣ್ಣೆ ಸರಿಯಾಗಿ ಒತ್ತುತಾರೇನ್ಲಾ ಆಸ್ಪತ್ರೇಲಿ ಅಂದ್ಲು," ಎಂದರು.

ಶುಕ್ರವಾರ ಆಫೀಸಿನಲ್ಲಿ ಇಂದ್ರೇಶ್ ಆ ಮೂರು ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ. ಹುಣಸೆಯ ಕಲೆ ಒಂದರ ಮೂಲೆಗೆ ಅಂಟಿತ್ತು.

"ಇಷ್ಟೂ ಅವಳ ತಲೆಯಲ್ಲಿತ್ತಾ?"

"ಇದು ಅವಳು ಹೇಳಿದ್ದು. ಇದ್ದದ್ದು ಎಷ್ಟೋ ಗೊತ್ತಿಲ್ಲ."

"ನಂಬರ್ ಮಾತ್ರ ನಾನೇ ಕೊಟ್ಟಿದ್ದು," ಎಂದ ಇಂದ್ರೇಶ್. ಅದರಲ್ಲಿ ಜಂಬ ಇರಲಿಲ್ಲ.

"ಹೌದು. ನಂಬರ್ ಇಲ್ದಿದ್ರೆ ಅವನು ಸಿಗ್ತಿರಲಿಲ್ಲ. ನಂಬರೊಂದೇ ಇದ್ದಿದ್ರೆ ಅವನನ್ನ ಹುಡುಕಬೇಕು ಅಂತಲೇ ಗೊತ್ತಾಗ್ತಿರಲಿಲ್ಲ."

ಅವತ್ತು ಅವರು ಗ್ರಾಫ್ ಎಂದೇ ತೀರ್ಮಾನ ಮಾಡಿದರು. ನಂಬರಿನಿಂದ ಹುಡುಕುವ ದಾರಿಯನ್ನು ಅದರ ಮೇಲೆ ಬೇರೆಯಾಗಿ ಕಟ್ಟುವುದೆಂದೂ, ಅದರ ಹೊಣೆ ಇಂದ್ರೇಶನದೆಂದೂ ಆಯಿತು. ಇನ್ನೊಂದು ನಿಯಮವನ್ನು ಮೇಘಶ್ರೀ ತಾನೇ ಸೇರಿಸಿದಳು. ಯಾರ ಗೆರೆಯನ್ನಾದರೂ ಅವರೇ ಹೇಳಿ, ಅವರೇ ಒಪ್ಪಿದರೆ ಮಾತ್ರ ಬರೆಯುವುದು. ಹಾಗಾಗಿ ಆ ಮೂರು ಹಾಳೆಗಳಲ್ಲಿ ಇದ್ದದ್ದನ್ನೂ ಅವಳು ಏರಿಸಲಿಲ್ಲ. ಒಬ್ಬೊಬ್ಬರನ್ನಾಗಿ ಕೇಳಿಕೊಂಡು ಬರಲು ಹೊರಟಳು.

ಒಂದು ತಿಂಗಳು ಕಳೆದ ಮೇಲೆ ಕಣಕಟ್ಟೆಗೆ ಹೋದಾಗ ಇಂದುಧರ ಅಂಗಡಿಯಲ್ಲೇ ಕೂತು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ. ತೋಟದ ಮನೆಯಲ್ಲಿ ನಂಜಪ್ಪ ಮೇಘಶ್ರೀಗೆ ಎಳನೀರು ಕೆತ್ತಿಕೊಟ್ಟರು. ಅವಳು ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಅವರ ಹೆಸರು, ವಯಸ್ಸು, ಊರು ತುಂಬಿದಳು. ತಂಗಿ ಶಿವಗಂಗಮ್ಮ ಎಂದು ಅವರೇ ಹೇಳಿದರು. ಗೆರೆ ಎಳೆದಳು.

"ಇದರೊಳಕ್ಕೆ," ಎಂದು ನಂಜಪ್ಪ ಕೇಳಿದರು, "ಫೋನ್ ನಂಬರ್ ಇಲ್ದಿರೋರನ್ನ ಬರ್ಕತೀರಾ?"

ಮೇಘಶ್ರೀ ತಲೆ ಎತ್ತಿ ನೋಡಿದಳು.

"ಬರ್ಕೋತೀವಿ."

"ಇಲ್ದಿರೋರನ್ನ?"

"ಅವರನ್ನೂ. ನಂಬರ್ ಅನ್ನೋ ಕಡೆ ಖಾಲಿ ಬಿಟ್ರಾಯ್ತು. ಇದರಲ್ಲಿ ಮನುಷ್ಯರು ಇದ್ರೆ ಸಾಕು."

ಅವರು ತಂಗಿಯ ಹೆಸರು ಹೇಳಿದಷ್ಟೇ ಸಾದಾ ದನಿಯಲ್ಲಿ ಹೆಂಡತಿಯ ಹೆಸರು ಹೇಳಿದರು. ಹಳೇಬೀಡಿನವಳು ಎಂದರು. ಹೋದಾಗ ಇಪ್ಪತ್ತೆರಡು ವರ್ಷ ಎಂದರು. ಮೇಘಶ್ರೀ ಬರೆದಳು. ಒಂದು ಚುಕ್ಕೆ ಮೂಡಿತು. ಗಂಡನಿಗೆ ಒಂದು ಗೆರೆ, ಮಗನಿಗೆ ಒಂದು, ಅಣ್ಣ ಹಾಲಪ್ಪನಿಗೆ ಒಂದು. ಹಾಲಪ್ಪನಿಂದ ಪ್ರತಿಮಾಗೆ, ಅವಳೇ ಹೇಳಿ ಬರೆಸಿದ ಗೆರೆ ಆಗಲೇ ಇತ್ತು; ಪ್ರತಿಮಾಳಿಂದ, ಹೋದ ವಾರವಷ್ಟೇ ಹೆಸರಿಟ್ಟ ಮಗುವಿಗೆ ಇನ್ನೊಂದು. ಗೆರೆ ಸೇರಿದ ಕೂಡಲೇ ಪರದೆಯ ಮೇಲಿನ ಚುಕ್ಕೆಗಳೆಲ್ಲ ತಮ್ಮಷ್ಟಕ್ಕೆ ಸ್ವಲ್ಪ ಸರಿದು, ರುದ್ರಾಣಿಯನ್ನು ನಡುವೆ ಬಿಟ್ಟುಕೊಂಡು ನಿಂತವು.

ಬಿಸಿಲು ಜಗಲಿಯವರೆಗೂ ಬಂದಿತ್ತು. ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ನಂಜಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು, ಎರಡೂ ಕೈಯಲ್ಲಿ ಅಗಲಿಸಿ, ಪರದೆಯ ಮೇಲೆ ನೆರಳು ಬೀಳುವ ಹಾಗೆ ಹಿಡಿದರು. ಬಗ್ಗಿ, ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಓದಿದರು. ಓದಿ ಮುಗಿದ ಮೇಲೂ ಟವೆಲನ್ನು ಹಾಗೇ ಹಿಡಿದುಕೊಂಡಿದ್ದರು. ಮೇಘಶ್ರೀ ಕೈಯನ್ನು ಕೀಲಿಗಳ ಮೇಲಿಂದ ತೆಗೆದು, ಅವರ ತೋಳು ಸೋಲುವವರೆಗೂ ಸುಮ್ಮನೆ ಕೂತಳು.